ಮೊದಲ ಸಾಲಿನ ಹಿಡಿ ಹುರುಳಿ

ಇಡೀ ಕಾದಂಬರಿ ಬರೆದು ಮುಗಿಸಿದ್ದೆ, ಮೊದಲ ಸಾಲೊಂದನ್ನು ಬಿಟ್ಟು. ಕೇಳಿದವರು ನಗುತ್ತಾರೆ, ನಗಲಿ. ನನ್ನ ಕೆಲಸದ ರೀತಿಯೇ ಹಾಗೆ. ಮೊದಲ ಹಾಳೆಯ ತಲೆಯಲ್ಲಿ ಎರಡು ಬೆರಳಷ್ಟು ಜಾಗ ಬಿಟ್ಟು ಎರಡನೆಯ ಸಾಲಿನಿಂದ ಶುರು ಮಾಡುತ್ತೇನೆ. ಕೊನೆಯ ಅಧ್ಯಾಯ ಮುಗಿದ ಮೇಲೆ ತಿರುಗಿ ಬಂದು ಆ ಜಾಗ ತುಂಬುತ್ತೇನೆ. "ಬಾಗಲಾ ಮರತು ಮನಿ ಕಟ್ಟತಿ ನೀ" ಎಂದು ನಮ್ಮ ಮನೆಯವರು ಚೇಷ್ಟೆ ಮಾಡುವುದುಂಟು.

ನಾನು ಬರೆಯುವುದು ಹಳೆಯ ಕಾಲದ ಪ್ರೇಮದ ಕಥೆಗಳನ್ನು. ಅವುಗಳಲ್ಲಿ ರಾಜರಾಣಿಯರು ಕಡಿಮೆ, ದಂಡು ಹಾದುಹೋದ ಊರುಗಳಲ್ಲಿ ಉಳಿದುಕೊಂಡ ಜನ ಹೆಚ್ಚು. ಬೆಳಿಗ್ಗೆ ಗೋಕಾಕದ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಲಗ್ನಪತ್ರಿಕೆ, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು ಟೈಪ್ ಮಾಡುತ್ತೇನೆ. ಮಧ್ಯಾಹ್ನದ ಮೇಲಿನ ಹೊತ್ತು ಕಾದಂಬರಿಗೆ. ಪ್ರೆಸ್ಸಿನ ಮಾಲೀಕರನ್ನು ಓಣಿಯೆಲ್ಲ ಕಾಕಾ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಅವರ ತಂದೆಯ ಕಾಲದಲ್ಲಿ ಅಲ್ಲಿ ಸೀಸದ ಅಚ್ಚಿನ ಮೊಳೆ ಜೋಡಿಸುತ್ತಿದ್ದರಂತೆ. ನನ್ನ ಹಿಂದಿನ ಪುಸ್ತಕಗಳೆಲ್ಲ ಅಚ್ಚಾದದ್ದು ಅಲ್ಲೇ.

ಈ ಕಾದಂಬರಿಯ ಕಥೆ ಇಷ್ಟು. ಹುಕ್ಕೇರಿಯಲ್ಲಿ ದಂಡಿನ ಕುದುರೆಗಳನ್ನು ಕಟ್ಟುತ್ತಿದ್ದ ಕಾಲ. ಘಟಪ್ರಭೆಯ ದಂಡೆಯ ಒಂದು ಒಕ್ಕಲು ಮನೆಯ ಸೊಸೆ, ಆಚೆ ದಂಡೆಗೆ ಕುದುರೆಗೆ ನೀರು ಕುಡಿಸಲು ಬರುವ ಒಬ್ಬ ಸವಾರ. ಗಂಡ ಹೊಡೆಯುತ್ತಾನೆ, ಅತ್ತೆ ಕಾಡುತ್ತಾಳೆ. ಕೊನೆಗೊಂದು ದಿನ ಅವಳು ಹೊಳೆ ದಾಟುತ್ತಾಳೆ. ಲಾಯ ಎಲ್ಲಿದ್ದಿರಬಹುದು, ನೀರಿಗೆ ಯಾವ ದಾರಿಯಲ್ಲಿ ಇಳಿಯುತ್ತಿದ್ದರು ಎಂದು ನೋಡಿಕೊಳ್ಳಲು ಹುಕ್ಕೇರಿಯ ಗುಮ್ಮಟಗಳ ಸುತ್ತ ಬಿಸಿಲಲ್ಲಿ ಎಷ್ಟೋ ಸಲ ಅಲೆದಿದ್ದೆ. ಎಲ್ಲ ಕೈಗೆ ಸಿಕ್ಕಿತ್ತು, ಮೊದಲ ಸಾಲು ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ದಡ್ಡಿಯಲ್ಲಿ, ನನ್ನ ನೆಗೆಣ್ಣಿಯ ತವರುಮನೆಯಲ್ಲಿ. ನನ್ನ ಮೈದುನನ ಹೆಂಡತಿ ಅವಳು. ಅವಳ ಅಣ್ಣನ ಮಗಳಿಗೆ ಮೂಡಲಗಿಯ ಕಡೆಯಿಂದ ಸಂಬಂಧ ಕೂಡಿಬಂದಿತ್ತು. ಆ ಮನೆಯಲ್ಲಿ ನಿಶ್ಚಯಕ್ಕೆ ಮೊದಲೊಮ್ಮೆ, ಲಗ್ನಕ್ಕೆ ಮೊದಲೊಮ್ಮೆ ಮುತ್ತೈದೆಯರಿಗೆ ಉಣಬಡಿಸುವ ಪದ್ಧತಿ. ಗಂಡನಿರುವಾಗಲೇ ತೀರಿಕೊಂಡ ಹಿಂದಿನ ಕಾಲದ ಸೊಸೆಯೊಬ್ಬಳ ಹೆಸರಿನಲ್ಲಿ ಹಸಿರು ಸೀರೆ ಇಟ್ಟು, ಅದಕ್ಕೆ ಉಡಿ ತುಂಬಿ, ಐವರಿಗೆ ಊಟ ಹಾಕುತ್ತಾರೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದು ಉಂಟು. ಈ ಮನೆಯವರು ಅವಳನ್ನು ಹೊಳೆವ್ವ ಎನ್ನುತ್ತಾರೆ. ನೀರು ತರಲು ಹೋದವಳು ಕಾಲು ಜಾರಿ ಹೊಳೆಯ ಪಾಲಾದಳು, ಮುತ್ತೈದೆಯಾಗಿಯೇ ಹೋದಳು, ಮನೆಯನ್ನು ಕಾಯುವ ದೇವರಾದಳು ಎಂಬುದು ಅವರು ಹೇಳಿಕೊಂಡು ಬಂದ ಮಾತು. ನಿಶ್ಚಯದ ಹೊತ್ತಿಗೆ ಒಬ್ಬ ಮುತ್ತೈದೆ ಕಡಿಮೆ ಬಿದ್ದಳೆಂದು ನೆಗೆಣ್ಣಿ ನನ್ನನ್ನು ಕರೆದುಕೊಂಡು ಹೋದಳು.

ಸೀರೆಯ ಮುಂದಿನ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಡಿಕೆ ಇದ್ದವು. ಬದಿಗೆ ಒಂದು ಸಣ್ಣ ಬಟ್ಟಲಲ್ಲಿ ಹುರುಳಿ. ನೆಗೆಣ್ಣಿಯ ತಾಯಿ, ಮನೆಮಂದಿಯೆಲ್ಲ ಆಯಿ ಎನ್ನುವ ಹಿರಿಯಾಕೆ, ಸೀರೆಯ ಮಡಿಕೆಗೆ ಒಂದೊಂದನ್ನೇ ಹಾಕಿ ಕೊನೆಗೆ ಒಂದು ಹಿಡಿ ಹುರುಳಿಯನ್ನೂ ಹಾಕಿದರು. ಉಡಿಗೆ ಹುರುಳಿ ಹಾಕಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಹೊಳೆದಂಡೆಯ ಊರುಗಳ ಪದ್ಧತಿ ಇರಬೇಕು ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಉಡಿಯ ವಿಷಯವನ್ನು ಹೆಂಗಸರು ಹೆಂಗಸರನ್ನು ಕೇಳುವುದಿಲ್ಲ, ಎಲ್ಲರಿಗೂ ಗೊತ್ತು ಎಂದೇ ಲೆಕ್ಕ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಬದಿ ಕುಳಿತಿದ್ದೆ. ಹುರುಳಿ ಯಾರ ಮೇವು ಎಂಬ ಪ್ರಶ್ನೆ ಬಂತು, ಕುದುರೆಯದು ಎಂಬ ಉತ್ತರವೂ ಬಂತು. ಹುಕ್ಕೇರಿ ಬರುವಷ್ಟರಲ್ಲಿ ಸಾಲು ತುಟಿಯ ಮೇಲಿತ್ತು. ಗೋಕಾಕದವರೆಗೆ ಅದನ್ನೇ ಗುನುಗಿಕೊಂಡು ಬಂದೆ, ಮರೆತೀತೆಂಬ ಹೆದರಿಕೆಗೆ.

"ಉಡಿಯಲ್ಲಿ ಹಿಡಿ ಹುರುಳಿ ಕಟ್ಟಿಕೊಂಡು ಅವಳು ಹೊಳೆಗೆ ಇಳಿದಾಗ, ಆಚೆ ದಂಡೆಯಲ್ಲಿ ಅವನ ಕುದುರೆ ಕಿವಿ ನಿಮಿರಿಸಿ ನಿಂತಿತು."

ನನ್ನ ಕೆಲಸದಲ್ಲಿ ನನಗೆ ಹೆಮ್ಮೆ ಎನಿಸಿದ ಸಾಲುಗಳು ಬಹಳ ಇಲ್ಲ. ಇದು ಅಂಥದು.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಮೊದಲ ಸಾಲನ್ನು ಫೋನಿನಲ್ಲಿ ಹಂಚುವುದು ಈಗಿನ ರೂಢಿ. ಮುಖಪುಟದ ಚಿತ್ರ ತಿಳಿ ಮಾಡಿ ಹಿಂದಿಟ್ಟು, ಮೇಲೆ ಸಾಲು ಕೂರಿಸಿ, ಕೆಳಗೆ 'ಶೀಘ್ರದಲ್ಲಿ' ಎಂದು ಹಾಕಿ ಒಂದು ಕಾರ್ಡು ಮಾಡುತ್ತೇವೆ. ನೋಡಲು ಸಣ್ಣ ಕೆಲಸ, ಆದರೆ ಸಾಲನ್ನು ಎಲ್ಲಿ ಮುರಿಯಬೇಕು ಎಂಬುದೇ ಅರ್ಧ ದಿನ ತಿನ್ನುತ್ತದೆ. 'ಇಳಿದಾಗ' ಎಂಬಲ್ಲಿ ಮುರಿದರೆ ಓದುವವರ ಉಸಿರು ಅಲ್ಲೇ ಒಂದು ಗಳಿಗೆ ನಿಲ್ಲುತ್ತದೆ. ಕಾಕಾ ಕನ್ನಡಕ ಹಣೆಗೇರಿಸಿ ನೋಡಿದರು.

"ಅಕ್ಷರಾ ಒಂಚೂರು ದೊಡ್ಡೂ ಮಾಡ್ರಿ ಬಾಯಾರ. ಓದೋರೆಲ್ಲಾ ನನ್ನ ವಯಸ್ಸಿನೋರು."

ದೊಡ್ಡದು ಮಾಡಿದೆ. ನನ್ನ ಸ್ಟೇಟಸ್‌ಗೆ ಹಾಕಿದೆ, ಓದುಗ ಹೆಣ್ಣುಮಕ್ಕಳ ಗುಂಪಿಗೆ ಕಳಿಸಿದೆ. ಸಂಜೆಯವರೆಗೆ ಹೂವಿನ ಚಿತ್ರಗಳು, ಕೈಮುಗಿದ ಚಿತ್ರಗಳು ಬರುತ್ತಲೇ ಇದ್ದವು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನಡುನಡುವೆ ಹಿಟ್ಟಿನ ಕೈಯಲ್ಲೇ ಫೋನು ಸವರಿ ನೋಡುತ್ತಿದ್ದೆ. ಅಷ್ಟರಲ್ಲಿ ನೆಗೆಣ್ಣಿಯ ಫೋನು ಬಂತು.

"ಅಕ್ಕಾ, ಸ್ಟೇಟಸ್‌ನ್ಯಾಗ ಏನ ಹಾಕೀರಿ ಅದು?"

"ನನ್ನ ಕಾದಂಬರೀದು ಮೊದಲನೇ ಸಾಲು. ಹೆಂಗೈತಿ?"

"ತಗೀರಿ ಮೊದಲ. ಈಗಿಂದೀಗ ತಗೀರಿ."

"ಯಾಕ, ಏನಾತು?"

"ಉಡಿಗೆ ಹುರಳಿ ಹಾಕೂದು ನಮ್ಮ ಮನ್ಯಾಗ ಅಷ್ಟರಿ ಅಕ್ಕಾ. ದಡ್ಡ್ಯಾಗ ಬ್ಯಾರೆ ಯಾರ ಮನ್ಯಾಗೂ ಹಾಕೂದಿಲ್ಲ. ಊರ ಮಂದಿಗೆಲ್ಲಾ ಗೊತ್ತೈತಿ ಅದು."

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡೆ. ಕಾರ್ಡು ತೆಗೆದೆ. ತೆಗೆದರೇನು, ಎಷ್ಟು ಜನ ಆಗಲೇ ಉಳಿಸಿಕೊಂಡಿದ್ದರೋ. ಮರುದಿನ ಬೆಳಿಗ್ಗೆ ಅದೇ ಕಾರ್ಡು ನನ್ನ ಫೋನಿಗೇ ತಿರುಗಿ ಬಂತು, ಪರಿಚಯವಿಲ್ಲದ ಗುಂಪಿನಿಂದ. ಕೆಳಗೆ ಯಾರೋ ಬರೆದಿದ್ದರು: ಇದು ಹುಕ್ಕೇರಿ ತಾಲೂಕಿನ ಒಂದು ದೊಡ್ಡ ಮನೆತನದ ಖರೆ ಕಥೆ, ದೇವರೆಂದು ಪೂಜಿಸುವವಳು ಓಡಿಹೋದವಳು. ಸವಾರನಿಗೆ ನಾನು ಹೆಸರು ಕೊಟ್ಟದ್ದು ಮೂರನೆಯ ಅಧ್ಯಾಯದಲ್ಲಿ. ಜನ ಅಲ್ಲಿಯವರೆಗೆ ಕಾಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಒಬ್ಬರು ಜಾತಿ ಕೊಟ್ಟಿದ್ದರು, ಇನ್ನೊಬ್ಬರು ಧರ್ಮ ಕೊಟ್ಟಿದ್ದರು.

ಆಮೇಲೆ ಹುಡುಗಿಯ ತಂದೆ, ನೆಗೆಣ್ಣಿಯ ಅಣ್ಣನ ಫೋನು. ನಿಶ್ಚಯದ ದಿನ ನನ್ನ ಎಲೆಗೆ ತಾವೇ ತುಪ್ಪ ಬಡಿಸಿದ ಮನುಷ್ಯ. ಜಗಳಾಡುತ್ತಾರೆಂದು ಕಾದೆ. ಅವರ ದನಿ ಬಹಳ ಸಣ್ಣಗಿತ್ತು.

"ನೀವು ನಮ್ಮ ಮನ್ಯಾಗ ಉಂಡು ಹೋಗೀರಿ."

"ಹೌದ್ರಿ. ನಾ ಬೇಕಂತ..."

"ಮೂಡಲಗಿಯಿಂದ ಕೇಳ್ಯಾರ. ನಿಮ್ಮ ಮನಿದೇವರು ಹೊಳಿ ದಾಟಿ ಹೋದಾಕೇನು, ನಿಮ್ಮ ಮನಿ ಹೆಣ್ಣಮಕ್ಕಳಿಗೆ ಅದ ರೂಢಿ ಐತೇನು ಅಂತ. ನಾ ಏನ್ ಹೇಳಲಿ ಅವರಿಗೆ? ಪತ್ರಿಕಿ ಅಚ್ಚು ಹಾಕಬ್ಯಾಡ್ರಿ, ನಾ ಹೇಳೂತನಕ. ನನ್ನ ಮಗಳ ಲಗ್ನ ಏನರ ಮುರದ್ರ..."

ಮುಂದಿನದನ್ನು ಅವರು ಹೇಳಲಿಲ್ಲ. ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

ಆ ಹುಡುಗಿಯ ಲಗ್ನಪತ್ರಿಕೆ ನಮ್ಮ ಪ್ರೆಸ್ಸಿಗೇ ಬಂದಿತ್ತು. ನಾನೇ ಟೈಪ್ ಮಾಡಿದ್ದೆ. ಮೇಲ್ತುದಿಯಲ್ಲಿ ಎಲ್ಲ ದೇವರುಗಳ ಜೊತೆ 'ಶ್ರೀ ಹೊಳೆವ್ವ ಪ್ರಸನ್ನ' ಎಂದು ಹಾಕಿದ್ದೆ. ಕಂಪ್ಯೂಟರ್ ತೆರೆದರೆ ಒಂದು ಕಿಟಕಿಯಲ್ಲಿ ಆ ಪತ್ರಿಕೆ, ಇನ್ನೊಂದರಲ್ಲಿ ನನ್ನ ಕಾದಂಬರಿ. ಎರಡನ್ನೂ ಬರೆದದ್ದು ಇದೇ ಹತ್ತು ಬೆರಳು. ಹುಡುಗಿಯ ಮುಖ ನೆನಪಿಗೆ ಬರುತ್ತಿತ್ತು. ನಿಶ್ಚಯದ ದಿನ ಪಕ್ಕದಲ್ಲಿ ಬಂದು ಕುಳಿತು, ನಿಮ್ಮ ಪುಸ್ತಕ ಓದಿದ್ದೇನೆ ಅತ್ತಿ, ಎಂದು ಕಿವಿಯಲ್ಲಿ ಹೇಳಿ ಎದ್ದು ಹೋಗಿದ್ದಳು. ನನ್ನ ಒಂದು ಸಾಲಿಗೆ ಅವಳ ಲಗ್ನ ಮುರಿಯುತ್ತದೆ ಎಂಬ ಭಯ ಅಂದಿನಿಂದ ನನ್ನನ್ನು ಬಿಡಲಿಲ್ಲ. ಊಟ ಸೇರಲಿಲ್ಲ. ಫೋನು ಕಂಪಿಸಿದರೆ ಮಗುಚಿ ಇಡುತ್ತಿದ್ದೆ. ಮನೆಯ ಮುಂದೆ ಒಂದು ಬೈಕು ಸ್ವಲ್ಪ ಹೆಚ್ಚು ಹೊತ್ತು ನಿಂತರೂ ಬಾಗಿಲ ಚಿಲಕದ ಕಡೆ ಕಣ್ಣು ಹೋಗುತ್ತಿತ್ತು.

ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಅದೇ ನನ್ನ ಕೇಡು. ಒಂದು ಸ್ಪಷ್ಟನೆ ಬರೆದು ಹಾಕಿದೆ: ಕಾದಂಬರಿ ಪೂರ್ತಿ ಕಾಲ್ಪನಿಕ, ಯಾವ ಮನೆತನಕ್ಕೂ ಸಂಬಂಧವಿಲ್ಲ. ಅದನ್ನು ಹಾಕುವವರೆಗೆ ಅರ್ಧ ಜನಕ್ಕೆ ಮಾತ್ರ ಅನುಮಾನ ಇತ್ತು. ಹಾಕಿದ ಮೇಲೆ ಉಳಿದವರಿಗೂ ಬಂತು. ಏನೂ ಇಲ್ಲದಿದ್ದರೆ ಇವಳಿಗೆ ಇದನ್ನು ಹೇಳುವ ದರ್ದೇನಿತ್ತು ಎಂದು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು.

ಪ್ರೆಸ್ಸಿಗೆ ಹೋದರೆ ಕಾಕಾ ಶಟರ್ ಅರ್ಧ ಇಳಿಸಿ ಕುಳಿತಿದ್ದರು. ಮೊದಲ ಹದಿನಾರು ಪುಟದ ಫಾರ್ಮಿಗೆ ಅಚ್ಚಿನ ಪ್ಲೇಟು ಮಾಡಿಸಿ ತಂದಿದ್ದರು, ಅದನ್ನು ಮಷೀನಿಗೆ ಹಾಕದೆ ಗೋಡೆಗೆ ಒರಗಿಸಿಟ್ಟಿದ್ದರು.

"ಹುರಳಿ ತಗದು ಅಕ್ಕಿ ಮಾಡ್ರಿ ಬಾಯಾರ. ಒಂದ ಶಬ್ದ. ಪ್ಲೇಟಿನ ಖರ್ಚು ನನಗಿರಲಿ."

"ಅಕ್ಕಿ ಕಟಗೊಂಡ ಬಂದ್ರ ಕುದರಿ ಯಾಕ ಕಿವಿ ನಿಮಿರಸ್ತೈತಿ ಕಾಕಾ?"

"ಕುದರೀನೂ ತಗೀರಿ."

"ಕುದರಿ ತಗದ್ರ ಅಂವ ಹೆಂಗ ಬಂದ?"

ಕಾಕಾ ಮಷೀನಿನ ಮೇಲಿನ ಧೂಳು ಒರೆಸಿದರು. ಆಮೇಲೆ ಹೇಳಿದರು: "ಬರದಾಕಿ ನೀವು. ಆದ್ರ ಅಚ್ಚು ಹಾಕಿದೋನ ಹೆಸರೂ ಪುಸ್ತಕದಾಗ ಇರ್ತೈತಿ. ನಂದು ಮುಸಲ್ಮಾನರ ಹೆಸರು, ಓದಿದ್ರ ಮಂದಿ ಆ ಸವಾರಗೂ ಅದ ಹೆಸರು ಇಡತಾರ. ನಿಮಗ ಬೈದು ಬಿಡತಾರ. ನನಗ ಬೈದಷ್ಟಕ್ಕ ಬಿಡೂದಿಲ್ಲ."

ಅವರು ಗೊಣಗಲಿಲ್ಲ, ಹವಾಮಾನದ ಸುದ್ದಿ ಹೇಳುವಷ್ಟು ನೆಟ್ಟಗೆ ಹೇಳಿದರು. ನಾನು ಅಲ್ಲಿಯೇ ಕುಳಿತು ಸಾಲನ್ನು ತಿರುತಿರುಗಿ ಬರೆದೆ. ಹುರುಳಿಯ ಜಾಗದಲ್ಲಿ ಜೋಳ ಹಾಕಿದೆ, ಬೆಲ್ಲ ಹಾಕಿದೆ. ಉಡಿಯ ಜಾಗದಲ್ಲಿ ಗಂಟು ಹಾಕಿದೆ. ಒಂದೊಂದು ಬದಲಾವಣೆಗೂ ಸಾಲು ಇನ್ನಷ್ಟು ಬಡವಾಯಿತು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಜನರ ಕೈಯಲ್ಲಿ ಹಳೆಯ ಸಾಲು ಇದೆ, ಪುಸ್ತಕದಲ್ಲಿ ಹೊಸದು ಬಂದರೆ ಹಳೆಯದೇ ನಿಜ, ಅಂಜಿ ಬದಲಾಯಿಸಿದಳು ಎಂದಾಗುತ್ತದೆ. ಅಚ್ಚು ಹಾಕಿದರೂ ಹುಡುಗಿಗೆ ಕೇಡು, ತಿದ್ದಿದರೂ ಕೇಡು. ಪುಸ್ತಕವನ್ನೇ ಬಿಟ್ಟುಬಿಡುತ್ತೇನೆ ಎಂದೆ. ಕಾಕಾ ಬೇಡವೆನ್ನಲಿಲ್ಲ.

ಹೀಗೆ ಇರುವಾಗ ನೆಗೆಣ್ಣಿ ಮನೆಗೇ ಬಂದಳು. ಒಳಗೆ ಬಂದು ನೀರು ಕುಡಿದು, ಆಯಿ ಕಳಿಸಿದ ಮಾತು ಹೇಳಿದಳು. ಲಗ್ನದ ಮೊದಲಿನ ಮುತ್ತೈದೆ ಊಟ ಬರುವ ಶುಕ್ರವಾರ. ನಾನು ಬರಬೇಕು.

"ನಾನ? ನಿಮ್ಮಣ್ಣ ನನಗ ಹೊಸ್ತಲಾ ತುಳ್ಯಾಕ ಬಿಡತಾನೇನು?"

"ಅಣ್ಣ ಬ್ಯಾಡ ಅಂದ. ಆಯಿ ಕೇಳಲಿಲ್ಲ. ನಿಶ್ಚಯಕ್ಕ ಉಂಡ ಐದ ಮಂದಿನ ಲಗ್ನಕ್ಕೂ ಉಣಬೇಕು. ಎಲಿ ಬದಲಾಗಬಾರದು. ಒಂದ ಎಲಿ ಖಾಲಿ ಉಳದ್ರ ಹೊಳೆವ್ವ ಉಣೂದಿಲ್ಲಂತ." ಅವಳು ದನಿ ತಗ್ಗಿಸಿದಳು. "ಮೂಡಲಗಿ ಬೀಗತಿನೂ ಬರ್ತಾರ, ಹುಡುಗನ ತಾಯಿ. ಹುಡುಗೀಗಿ ಉಡಿ ತುಂಬೂದೈತಿ. ತುಂಬಿದ್ರ ಲಗ್ನ. ತುಂಬಲಿಲ್ಲಂದ್ರ ಅಲ್ಲೇ ಎದ್ದು ಹೋಗ್ತಾರ."

ನಮ್ಮ ಮನೆಯವರು ಹೋಗಬೇಡ ಅಂದರು. ಹತ್ತು ಜನರ ನಡುವೆ ಹೋಗಿ ಸಿಕ್ಕಿಕೊಳ್ಳುತ್ತೀ, ಯಾರಾದರೂ ಏನಾದರೂ ಅಂದರೆ ನಾನು ಅಲ್ಲಿರುವುದಿಲ್ಲ ಅಂದರು. ನನಗೂ ಹೋಗುವ ಮನಸ್ಸಿರಲಿಲ್ಲ. ಆದರೆ ಹೋಗದಿದ್ದರೆ ಖಾಲಿ ಉಳಿಯುವ ಎಲೆ ನನ್ನದು. ಆ ಎಲೆಯನ್ನು ಬೀಗತಿ ನೋಡುತ್ತಾರೆ, ಯಾಕೆಂದು ಕೇಳುತ್ತಾರೆ. ಹೋಗುವುದೆಂದು ನಿರ್ಧರಿಸಿದೆ. ಹಸಿರು ಬಳೆ ತೊಟ್ಟು, ತಲೆಗೆ ಹೂವು ಮುಡಿದು ನೆಗೆಣ್ಣಿಯ ಜೊತೆ ಬಸ್ ಹತ್ತಿದೆ.

ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಯಾರು ಮಾಡಿಕೊಂಡೆ. ಸುಳ್ಳು ಕಟ್ಟುವುದೇ ನನ್ನ ಕಸುಬು, ಚೆನ್ನಾಗಿಯೇ ಕಟ್ಟಿದೆ. ಬೀಗತಿ ಕೇಳಿದರೆ, ಉಡಿಗೆ ಹುರುಳಿ ಹಾಕುವುದನ್ನು ನಾನು ಮಮದಾಪುರದ ಒಂದು ಮನೆಯಲ್ಲೂ ನೋಡಿದ್ದೇನೆ, ನಾಗನೂರಲ್ಲೂ ಹಾಕುತ್ತಾರೆ, ಸಾಲು ಬಂದದ್ದು ಅಲ್ಲಿಂದ, ಎನ್ನುವುದು. ಹುರುಳಿ ನಾಲ್ಕು ಊರಿಗೆ ಹಂಚಿಹೋದರೆ ದಡ್ಡಿಯ ಮನೆಯ ಮೇಲೆ ಯಾರ ಬೆರಳೂ ಇರುವುದಿಲ್ಲ. ಹುಕ್ಕೇರಿಯಲ್ಲಿ ಬಸ್ ಬದಲಾಯಿಸಿ ದಡ್ಡಿಯ ದಾರಿ ಹಿಡಿಯುವ ಹೊತ್ತಿಗೆ ಮಮದಾಪುರದ ಆ ಮನೆಯ ಪಡಸಾಲೆ ಕೂಡ ನನ್ನ ಕಣ್ಣಿಗೆ ಕಟ್ಟಿತ್ತು.

ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಗೋಡೆಯ ಕಡೆ ಹಸಿರು ಸೀರೆ, ಮುಂದೆ ಅದೇ ತಟ್ಟೆ, ಅದೇ ಸಣ್ಣ ಬಟ್ಟಲು. ಬೀಗತಿ ಒಳ್ಳೆಯ ಮೈಕಟ್ಟಿನ ಹೆಂಗಸು, ಹೊಲದ ಕೆಲಸ ಮಾಡಿದ ದಪ್ಪ ಕೈಗಳು. ಅವರ ಪಕ್ಕದಲ್ಲಿ ಅವರ ಕಡೆಯ ಇಬ್ಬರು ಕುಳಿತಿದ್ದರು. ಮದುಮಗಳು ಎದುರಿಗೆ, ತಲೆ ತಗ್ಗಿಸಿ. ನಾನು ಒಳಗೆ ಕಾಲಿಟ್ಟಾಗ ಯಾರೂ ಬರ್ರಿ ಅನ್ನಲಿಲ್ಲ. ಹುಡುಗಿಯ ತಂದೆ ಬಾಗಿಲಿಗೆ ಒರಗಿ ನಿಂತು ನನ್ನನ್ನು ನೋಡಿದರು, ನೋಡುತ್ತಲೇ ಇದ್ದರು. ನಾನು ಹೋಗಿ ನನ್ನ ಜಾಗದಲ್ಲಿ ಕುಳಿತೆ. ಸೆರಗನ್ನು ಭುಜದ ಮೇಲೆ ಎಳೆದುಕೊಂಡೆ.

ಆಯಿ ಸೀರೆಗೆ ಉಡಿ ತುಂಬಲು ಶುರು ಮಾಡಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ. ಅವರ ಕೈ ಹುರುಳಿಯ ಬಟ್ಟಲಿಗೆ ಬರುತ್ತಿದ್ದಂತೆ ಬೀಗತಿ ಕೇಳಿದರು.

"ಹುರಳಿ ಯಾಕ ಹಾಕ್ತೀರಿ ಆಯಿ?"

ಆಯಿ ಕೈ ತಡೆದರು. ಬೀಗತಿ ನನ್ನ ಕಡೆ ತಿರುಗಿದರು.

"ಬರದಾಕಿ ನೀವೇನು?"

"ಹೌದ್ರಿ."

"ಆ ಮಾತು ನಿಮಗ ಎಲ್ಲಿಂದ ಬಂತು?"

ಮಮದಾಪುರ ಎನ್ನಲು ಬಾಯಿ ತೆರೆದೆ. ಆಗ ಹುಡುಗಿ ತಲೆ ಎತ್ತಿ ನೋಡಿದಳು. ನನ್ನ ಪುಸ್ತಕ ಓದಿದವಳು, ನಾನು ಹೇಗೆ ಕಟ್ಟುತ್ತೇನೆ ಎಂದು ಬಲ್ಲವಳು. ಈ ಸುಳ್ಳು ಇಂದು ನಿಂತೀತು, ಲಗ್ನವೂ ಆದೀತು. ಆಮೇಲೆ ಒಂದು ದಿನ ಮಮದಾಪುರದ ಹೆಣ್ಣೊಬ್ಬಳು ಮೂಡಲಗಿಯ ಆ ಮನೆಗೆ ಬಂದು, ನಮ್ಮೂರಲ್ಲಿ ಹಾಗೆಲ್ಲ ಇಲ್ಲ ಎಂದರೆ, ಅದನ್ನು ಅನುಭವಿಸುವವಳು ಇವಳು. ನಾನಂತೂ ಗೋಕಾಕದಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ.

"ಈ ಮನ್ಯಾಗಿಂದನ ಬಂತ್ರಿ," ಅಂದೆ. "ಹುರಳಿ ಇಲ್ಲೇ ನೋಡೀನಿ. ಉಳಕೀದು ಹೊಳಿ, ಕುದರಿ, ಸವಾರ, ಎಲ್ಲಾ ನಾ ಕಟ್ಟಿದ್ದು."

ಹುಡುಗಿಯ ತಂದೆ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದರು. ಆಯಿ ಅವರ ಕಡೆ ಕೈಯೆತ್ತಿದರು, ಅವರು ನಿಂತರು. ಆಮೇಲೆ ಆಯಿ ನನಗೆ ಹೇಳಿದರು:

"ಅದೇನ ಬರದೀಯಲ್ಲಾ, ಬಾಯಿಲೆ ಹೇಳು. ನಾ ಫೋನ್ ನೋಡಾಕಿ ಅಲ್ಲ. ಮಂದಿ ಹೇಳಿದ್ದಷ್ಟ ಕೇಳೀನಿ."

ಸಾವಿರ ಜನರಿಗೆ ಕಳಿಸಿದ ಸಾಲು ಅದು. ಯಾರ ಮುಖ ನೋಡಿಯೂ ಹೇಳಿರಲಿಲ್ಲ. ಹೇಳಿದೆ. ಉಡಿಯಲ್ಲಿ ಹಿಡಿ ಹುರುಳಿ ಕಟ್ಟಿಕೊಂಡು ಅವಳು ಹೊಳೆಗೆ ಇಳಿದಾಗ ಎಂಬಲ್ಲಿ, ಕಾರ್ಡಿನಲ್ಲಿ ಮುರಿದ ಜಾಗದಲ್ಲೇ, ನನ್ನ ಉಸಿರು ಮುರಿಯಿತು. ಆಮೇಲೆ ಉಳಿದದ್ದನ್ನು ಹೇಳಿದೆ.

ಆಯಿ ಸೀರೆಯ ಮಡಿಕೆ ಸರಿಮಾಡಿದರು.

"ಒಂದ ತಪ್ಪೈತಿ ನೋಡವಾ ಅದರಾಗ," ಅಂದರು. "ಉಡಿ ಯಾರರ ತಮಗ ತಾವ ತುಂಬಕೊಂತಾರೇನು? ನಿನಗ ಮೂರ ಮಂದಿ ತುಂಬಿರಬೇಕು, ನೀ ಹತ್ತ ಮಂದಿಗೆ ತುಂಬಿರಬೇಕು. ನಿನ್ನ ಕೈಲೆ ನಿನ್ನ ಉಡಿಗೆ ಎಂದರ ಹಾಕ್ಕೊಂಡೀಯೇನು?"

ಇಷ್ಟು ವರ್ಷದ ಸಂಸಾರ, ಎಷ್ಟು ಸಲ ಉಡಿ ತುಂಬಿಸಿಕೊಂಡಿದ್ದೇನೆ, ಎಷ್ಟು ಜನಕ್ಕೆ ತುಂಬಿದ್ದೇನೆ. ಪ್ರತಿ ಶಬ್ದವನ್ನೂ ತೂಗಿ ಬರೆದ ಸಾಲಿನಲ್ಲಿ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ನಮ್ಮತ್ತಿ ನನಗ ಕಲಿಸಿದ್ಲು," ಆಯಿ ಮುಂದುವರಿಸಿದರು. ಈಗ ಅವರು ಬೀಗತಿಗೆ ಹೇಳುತ್ತಿದ್ದರು. "ಅಕ್ಕಿ ಯಾರ ಹಾಕಿದ್ರೂ ನಡೀತೈತಿ. ಹುರಳಿ ಮಾತ್ರ ಮನಿ ಅತ್ತಿನ ಹಾಕಬೇಕು ಅಂದ್ಲು. ಯಾಕಂದ್ರ ಆಕೀಗೂ ಗೊತ್ತಿರಲಿಲ್ಲ. ನಾನೂ ಹಾಕ್ಕೊಂತ ಬಂದೆ. ಈ ಮಾತು ಕೇಳಿದ ಮ್ಯಾಲೆ ಕುಂತ ವಿಚಾರ ಮಾಡೀನಿ. ಹೊಳೆವ್ವ ಮುಳಗಿದ್ಲೋ ದಾಟಿದ್ಲೋ, ನಾ ಅಂತೂ ನೋಡಾಕ ಹೋಗಿಲ್ಲ. ಆದ್ರ ಆಕಿ ಅತ್ತಿ ಆಕೀಗಿ ಹುರಳಿ ಹಾಕಿ ಉಡಿ ತುಂಬಿದ್ಲು, ಅದಷ್ಟು ಖರೆ. ಅತ್ತಿ ಕೈಲೆ ಉಡಿ ತುಂಬಿಸಿಕೊಂಡ ಹೋದಾಕೀನ ಓಡಿ ಹೋದ್ಲು ಅನ್ನೂದಿಲ್ಲ ಬೀಗತಿ. ಕಳಿಸಿ ಕೊಟ್ರು ಅಂತಾರ."

ಆಯಿ ಇಷ್ಟು ಹೇಳಿ ಹುರುಳಿಯ ಹಿಡಿಯನ್ನು ಸೀರೆಗೆ ಹಾಕಿದರು. ಬೀಗತಿಯ ಪಕ್ಕದವಳು ಅವರ ಕಿವಿಯಲ್ಲಿ ಏನೋ ಹೇಳಿದಳು. ಬೀಗತಿ ಬಟ್ಟಲಿನ ಕಡೆ ನೋಡಿದರು. ಮೊಣಕಾಲಿಗೆ ಕೈ ಊರಿ ಎದ್ದರು. ಎದ್ದು ಹೋಗುತ್ತಾರೆಂದೇ ತಿಳಿದು ನಾನು ಕಣ್ಣು ಮುಚ್ಚಿಕೊಂಡೆ. ನೆಗೆಣ್ಣಿಯ ಉಗುರು ನನ್ನ ಮುಂಗೈಗೆ ನೆಟ್ಟಿತು.

ಬಳೆಯ ಸದ್ದು ಹತ್ತಿರದಲ್ಲೇ ಕೇಳಿತು. ಕಣ್ಣು ಬಿಟ್ಟರೆ ಬೀಗತಿ ಮದುಮಗಳ ಎದುರು ಕುಳಿತಿದ್ದರು. ಹಣೆಗೆ ಕುಂಕುಮ ಹಚ್ಚಿದರು. ಹುಡುಗಿ ಸೆರಗು ಒಡ್ಡಿದಳು. ಅಕ್ಕಿ ಹಾಕಿದರು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಡಿಕೆ. ಎಲ್ಲ ಮುಗಿಯಿತು. ಆ ಮನೆಯಲ್ಲಿ ಹುರುಳಿ ಹೊಳೆವ್ವನ ಸೀರೆಗೆ ಮಾತ್ರ, ಬದುಕಿರುವ ಹೆಣ್ಣಿನ ಉಡಿಗೆ ಯಾರೂ ಹಾಕಿದ್ದಿಲ್ಲ. ಬೀಗತಿ ಕೈ ಚಾಚಿ ಆ ಸಣ್ಣ ಬಟ್ಟಲನ್ನು ಎಳೆದುಕೊಂಡರು. ತಮ್ಮ ದಪ್ಪ ಕೈಯಲ್ಲಿ ಹಿಡಿ ತುಂಬ ಹುರುಳಿ ತೆಗೆದು ಹುಡುಗಿಯ ಉಡಿಗೆ ಹಾಕಿದರು.

"ನಮ್ಮನ್ಯಾಗ ಕುದರಿ ಇಲ್ಲ ತಂಗಿ," ಅಂದರು. "ಎತ್ತು ಅದಾವು. ಅವೂ ತಿಂತಾವು."

ಮೊದಲು ಆಯಿ ನಕ್ಕರು. ಆಮೇಲೆ ಎಲ್ಲರೂ. ಹುಡುಗಿಯ ತಂದೆ ಗೋಡೆಯ ಕಡೆ ಮುಖ ಮಾಡಿ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಊಟಕ್ಕೆ ಕುಳಿತಾಗ ನನ್ನ ಎಲೆಗೆ ತುಪ್ಪ ಅವರೇ ಬಡಿಸಿದರು. ಎಲೆ ಖಾಲಿ ಮಾಡಲೇಬೇಕಿತ್ತು, ಮಾಡಿದೆ.

ಬರುವಾಗ ಆಯಿ ಹೊಸ್ತಿಲವರೆಗೆ ಬಂದರು. ಪುಸ್ತಕ ಏನು ಮಾಡಲಿ ಎಂದು ಕೇಳಿದೆ.

"ಬರದಿದ್ದ ಬರದೀ. ತಪ್ಪಷ್ಟು ತಿದ್ದು," ಅಂದರು.

ತಿದ್ದುವುದು ಒಂದು ಸಾಲಿನ ಕೆಲಸವಾಗಿರಲಿಲ್ಲ. ನನ್ನ ಕಾದಂಬರಿಯಲ್ಲಿ ಅತ್ತೆ ಮೊದಲಿನಿಂದ ಕೊನೆಯವರೆಗೆ ಕಾಡುವವಳು. ಅವಳೇ ಹುರುಳಿ ಹಾಕಿ ಕಳಿಸುವವಳಾದರೆ ಅವಳ ಒಂದೊಂದು ಬೈಗುಳಕ್ಕೂ ಬೇರೆ ಕಾರಣ ಬೇಕು. ಮಗ ಸೊಸೆಯನ್ನು ಹೊಡೆಯುವಾಗ ಅವಳು ಎಲ್ಲಿದ್ದಳು, ಏನು ನೋಡಿದಳು, ಎಂದಿನಿಂದ ಬಟ್ಟಲಲ್ಲಿ ಹುರುಳಿ ತೆಗೆದಿಟ್ಟಳು ಎಂದೆಲ್ಲ ಹೊಸದಾಗಿ ಬರೆಯಬೇಕಾಯಿತು. ಬರೆಯುತ್ತ ಬರೆಯುತ್ತ ಅವಳ ಹೆದರಿಕೆ ನನಗೆ ಗೊತ್ತಾಗತೊಡಗಿತು. ಸೊಸೆಯದಕ್ಕಿಂತ ಅದು ದೊಡ್ಡದು. ದಾಟಿ ಹೋದವಳು ಹೋದಳು, ಕಳಿಸಿದವಳು ಅದೇ ಮನೆಯಲ್ಲಿ ಉಳಿದು, ಕಾಲು ಜಾರಿ ಬಿದ್ದಳು ಎಂದು ಸಾಯುವವರೆಗೆ ಹೇಳುತ್ತ ಬದುಕಬೇಕು.

ಕಾಕಾ ಹಳೆಯ ಪ್ಲೇಟು ಎಸೆದು ಹೊಸದು ಮಾಡಿಸಿದರು. ಅವರ ಹೆಸರನ್ನು ಪುಸ್ತಕದಿಂದ ತೆಗೆಯೋಣ ಅಂದೆ. ಒಪ್ಪಲಿಲ್ಲ, ತಂದೆಯ ಕಾಲದಿಂದ ಇರುವ ಸಾಲು ಅದು ಅಂದರು. ಅಂಜಿಕೆ ಅವರಿಗೂ ಹೋಗಿಲ್ಲ, ನನಗೂ ಹೋಗಿಲ್ಲ. ಹಳೆಯ ಕಾರ್ಡು ಈಗಲೂ ಯಾವುದೋ ಗುಂಪಿನಲ್ಲಿ ಸುತ್ತುತ್ತಿದೆ, ಕೆಳಗೆ ಯಾರ್‍ಯಾರೋ ಏನೇನೋ ಬರೆದುಕೊಂಡು. ಹೊಸ ಸಾಲಿನ ಕಾರ್ಡು ಮಾಡಲಿಲ್ಲ. ಅದನ್ನು ಮೊದಲು ಒಯ್ದು ಆಯಿಯ ಎದುರು ಕುಳಿತು ಬಾಯಿಂದ ಹೇಳಿದೆ: "ಅತ್ತೆ ಉಡಿಗೆ ಹಾಕಿದ ಹಿಡಿ ಹುರುಳಿಯೊಡನೆ ಅವಳು ಹೊಳೆಗೆ ಇಳಿದಾಗ, ಆಚೆ ದಂಡೆಯಲ್ಲಿ ಅವನ ಕುದುರೆ ಕಿವಿ ನಿಮಿರಿಸಿ ನಿಂತಿತು." ಆಯಿ ಹೂಂ ಅಂದರು, ಅಷ್ಟೇ.

ಲಗ್ನ ಆಯಿತು. ಪತ್ರಿಕೆಯ ಮೇಲ್ತುದಿಯಲ್ಲಿ ಹೊಳೆವ್ವನ ಹೆಸರು ಇದ್ದಲ್ಲೇ ಇತ್ತು. ಪುಸ್ತಕ ಹೊರಬಂದ ಮೇಲೆ ಒಂದು ಪ್ರತಿಯನ್ನು ಮೂಡಲಗಿಗೆ ಕಳಿಸಿದೆ. ತಲುಪಿತೆಂದು ಹೇಳಲು ಹುಡುಗಿ ಫೋನು ಮಾಡಿದಳು. ಹಿಂದಿನಿಂದ ಬೀಗತಿಯ ದನಿ, ದನದ ಕೊರಳ ಗಂಟೆ ಕೇಳುತ್ತಿತ್ತು. ಅತ್ತೆ ಒಳ್ಳೆಯವರು, ಗಂಡನೂ ಒಳ್ಳೆಯವನು ಅಂದಳು. ನನ್ನ ಜೀವಕ್ಕೆ ಸಮಾಧಾನವಾಯಿತು. ಹುಡುಗಾಟಕ್ಕೆ ಕೇಳಿದೆ:

"ಎತ್ತು ತಿಂದ್ವೇನವಾ ಆ ಹುರಳಿ?"

ಅವಳು ಫೋನನ್ನು ಬಾಯಿಗೆ ಹತ್ತಿರ ಹಿಡಿದಳೆಂದು ತೋರುತ್ತದೆ, ದನಿ ಸಣ್ಣಗಾಯಿತು.

"ಇಲ್ರಿ ಅತ್ತಿ. ಎಂದರ ಬೇಕಾದೀತಂತ ಡಬ್ಬ್ಯಾಗ ಹಾಕಿ ಇಟ್ಟೇನಿ."